ನಡಿಗೆ ಹೇಳುವ ಸುದ್ದಿ

ತಳೇಗಾಂವ ನಿಲ್ದಾಣದಲ್ಲಿ ಪುಣೆಯ ಲೋಕಲ್ ಗಾಡಿಗೆ ಓಡುವ ನಮ್ಮವರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುತ್ತೇವೆ. ಒಂದೇ ಹೆಗಲಿಗೆ ಚೀಲ ಹಾಕುವವರು ವಾಲುವುದು ಬರೀ ರೂಢಿ, ಹೆಗಲು ಬದಲಿಸಿದರಾಯಿತು.

ಆದರೆ ಮೊಣಕಾಲನ್ನು ಎತ್ತರಕ್ಕೆತ್ತಿ ಪಾದವನ್ನು ಪಟ್ಟೆಂದು ಅಪ್ಪಳಿಸುವುದು, ಚಪ್ಪಲಿ ಅರಿವಿಲ್ಲದೆ ಕಳಚಿ ಬೀಳುವುದು ರೂಢಿಯಲ್ಲ. ಮೊಣಕಾಲಿನ ಹೊರಬದಿಯ ನರ ಸೋತರೆ ಪಾದದ ಮುಂಭಾಗ ಮೇಲೇಳದು. ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ದುಡಿದರೂ ಆ ನರ ಅದುಮಿ ಹೀಗಾಗುವುದುಂಟು. ಸಿಹಿಮೂತ್ರ ರೋಗದಿಂದಲೂ, ಕುಷ್ಠದಿಂದಲೂ ಆದೀತು. ಕುಷ್ಠವೆಂದರೆ ಇಂದಿಗೂ ಮುಚ್ಚಿಡುತ್ತಾರೆ, ಕೆಲಸ ಹೋದೀತೆಂಬ ಭಯ. ಸರಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತ. 6 ಇಲ್ಲವೆ 12 ತಿಂಗಳಲ್ಲಿ ಮುಗಿಯುತ್ತದೆ. ತಡಮಾಡಿದರೆ ರೋಗ ಹೋದರೂ ಸೋತ ಪಾದ ಹಾಗೆಯೇ ಉಳಿಯಬಹುದು.

ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಒಂದು ಪಾದ ಕೆಳಗೆ ಜೋತರೆ, ಒಂದು ದಿನದ ಕೂಲಿ ಹೋದರೂ ಸರಿ, ಡಾಕ್ಟರರಲ್ಲಿಗೆ ಹೋಗಿ.