ಲೈಂಗಿಕ ದೌರ್ಜನ್ಯದ ದೂರಿಗೆ ರಾಜಿ ಸಲ್ಲದು: ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

ಗ್ರಾಮದಲ್ಲಿ ಮಹಿಳೆಯೊಬ್ಬರ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ, ಆ ವಿಷಯವು ಪೊಲೀಸ್ ಠಾಣೆಗೆ ಮುಟ್ಟುವ ಮೊದಲೇ ಊರಿನ ಹಿರಿಯರಿಗೂ ಪಂಚಾಯಿತಿ ಸದಸ್ಯರಿಗೂ ತಿಳಿಯುವುದುಂಟು. ಆ ಹೊತ್ತಿನಲ್ಲಿ ಸದಸ್ಯರು ಆಡುವ ಮಾತು ಬಹಳ ಮುಖ್ಯವಾದುದು. ಸಂತ್ರಸ್ತೆಯು ದೂರು ನೀಡುವಳೋ ಬಾಯಿ ಮುಚ್ಚಿಕೊಳ್ಳುವಳೋ ಎಂಬುದು ಅನೇಕ ವೇಳೆ ಅದರಿಂದಲೇ ತೀರ್ಮಾನವಾಗುತ್ತದೆ. ಆದ್ದರಿಂದ ಈ ಕುರಿತು ಕಾನೂನು ಹೇಳುವುದೇನು, ಸದಸ್ಯರು ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಳ್ಳಿಯ ಕಾರ್ಯಕರ್ತೆಯಿಂದ ಬಂದ ಕಾನೂನು

ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳದ ವಿರುದ್ಧ ಇಂದು ಜಾರಿಯಲ್ಲಿರುವ ಕಾನೂನಿನ ಮೂಲ ಒಂದು ಹಳ್ಳಿಯಲ್ಲಿದೆ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಅವರು ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಗ್ರಾಮಮಟ್ಟದ ಕಾರ್ಯಕರ್ತೆಯಾಗಿದ್ದರು. 1992ರಲ್ಲಿ ಅವರು ಬಾಲ್ಯವಿವಾಹವೊಂದನ್ನು ತಡೆಯಲು ಮುಂದಾದರು. ಅದೇ ವರ್ಷ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವರು ಮೌನವಾಗಿರದೆ ದೂರು ನೀಡಿದರು, ತಮ್ಮ ಹೆಸರನ್ನು ಮರೆಮಾಡದೆ ಸಾರ್ವಜನಿಕವಾಗಿ ಮಾತನಾಡಿದರು. ಊರು ಅವರನ್ನು ಬಹಿಷ್ಕರಿಸಿತು. 1995ರಲ್ಲಿ ವಿಚಾರಣಾ ನ್ಯಾಯಾಲಯವು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು.

ಆದರೆ ಆ ಒಂದು ದನಿ ಅಲ್ಲಿಗೇ ಅಡಗಲಿಲ್ಲ. ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದವು. 1997ರ ಆಗಸ್ಟ್ 13ರಂದು ನ್ಯಾಯಾಲಯವು 'ವಿಶಾಖಾ' ಪ್ರಕರಣದಲ್ಲಿ ಮಾರ್ಗಸೂಚಿಗಳನ್ನು ನೀಡಿತು. ಅವುಗಳ ತಳಹದಿಯ ಮೇಲೆ ಸಂಸತ್ತು 2013ರಲ್ಲಿ ಕಾನೂನನ್ನು ರೂಪಿಸಿತು. ಕೆಲಸ ಮಾಡಿದ್ದಕ್ಕಾಗಿ ಹಿಂಸೆಗೆ ಒಳಗಾದ ಹಳ್ಳಿಯ ಮಹಿಳೆಯ ದೂರು ಇಡೀ ದೇಶದ ದುಡಿಯುವ ಮಹಿಳೆಯರಿಗೆ ರಕ್ಷಣೆಯಾಯಿತು.

ಯಾವುದು ಕಿರುಕುಳ, ದೂರು ಎಲ್ಲಿಗೆ?

ಒಪ್ಪಿಗೆಯಿಲ್ಲದ ಸ್ಪರ್ಶ, ಲೈಂಗಿಕ ಸಹಕಾರದ ಬೇಡಿಕೆ, ಅಶ್ಲೀಲ ಮಾತು, ಅಶ್ಲೀಲ ಚಿತ್ರ ಅಥವಾ ವಿಡಿಯೋ ತೋರಿಸುವುದು, ಇಂತಹುದೇ ಇತರ ಅನಪೇಕ್ಷಿತ ವರ್ತನೆ ಇವೆಲ್ಲವೂ 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳ. ಪಂಚಾಯಿತಿ ಕಚೇರಿ, ಅಂಗನವಾಡಿ, ಉದ್ಯೋಗ ಖಾತರಿ ಕಾಮಗಾರಿಯ ಸ್ಥಳ, ಇಟ್ಟಿಗೆ ಗೂಡು, ಮನೆಗೆಲಸಕ್ಕೆ ಹೋಗುವ ಮನೆ ಇವೆಲ್ಲವೂ ಕೆಲಸದ ಸ್ಥಳಗಳೇ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರತಕ್ಕದ್ದು. ಹತ್ತಕ್ಕಿಂತ ಕಡಿಮೆ ಮಂದಿ ಇರುವಲ್ಲಿ, ಅಥವಾ ಮಾಲೀಕನ ಮೇಲೆಯೇ ದೂರಿರುವಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ಇದಕ್ಕಾಗಿ ಜಿಲ್ಲಾ ಕೇಂದ್ರದವರೆಗೆ ಅಲೆಯಬೇಕಾಗಿಲ್ಲ. ತಾಲ್ಲೂಕಿನ ನೋಡಲ್ ಅಧಿಕಾರಿಯು ದೂರನ್ನು ಸ್ವೀಕರಿಸಿ 7 ದಿನಗಳೊಳಗೆ ಸಮಿತಿಗೆ ಕಳುಹಿಸಬೇಕು. ಘಟನೆ ನಡೆದ 3 ತಿಂಗಳೊಳಗೆ ದೂರು ನೀಡಬೇಕು. ಸಕಾರಣವಿದ್ದಲ್ಲಿ ಸಮಿತಿಯು ಇನ್ನೂ 3 ತಿಂಗಳ ಅವಕಾಶ ನೀಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಬರೆಯಲು ಬಾರದವರಿಗೆ ದೂರು ಬರೆದುಕೊಡಲು ಸಮಿತಿಯು ನೆರವಾಗಬೇಕು.

ಪಂಚಾಯಿತಿ ಕಟ್ಟೆಯಲ್ಲಿ ತೀರ್ಮಾನಿಸುವ ವಿಷಯವಲ್ಲ

ಗಡಿ, ಬದು, ನೀರಿನ ತಕರಾರುಗಳನ್ನು ಊರಿನಲ್ಲೇ ಬಗೆಹರಿಸುವುದು ಒಳ್ಳೆಯ ಸಂಪ್ರದಾಯ. ಅತ್ಯಾಚಾರ ಆ ಬಗೆಯ ತಕರಾರಲ್ಲ. ದಂಡ ಹಾಕಿ ಬಿಡುವುದಾಗಲಿ, ತಪ್ಪೊಪ್ಪಿಗೆ ಬರೆಸಿಕೊಳ್ಳುವುದಾಗಲಿ, ಆರೋಪಿಯೊಡನೆಯೇ ಮದುವೆ ಮಾಡಿಸುವುದಾಗಲಿ ಯಾರ ಅಧಿಕಾರಕ್ಕೂ ಸೇರಿದ್ದಲ್ಲ. ಅತ್ಯಾಚಾರ ಮತ್ತು ಅತ್ಯಾಚಾರ ಯತ್ನದ ಪ್ರಕರಣಗಳಲ್ಲಿ ಯಾವ ಸಂದರ್ಭದಲ್ಲಿಯೂ ರಾಜಿಯನ್ನು ಯೋಚಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಸ್ಪಷ್ಟಪಡಿಸಿದೆ. ಸಂತ್ರಸ್ತರು 18 ವರ್ಷದೊಳಗಿನವರಾಗಿದ್ದರೆ, ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸುವುದು ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ. ತಿಳಿದೂ ತಿಳಿಸದಿರುವುದು ಶಿಕ್ಷಾರ್ಹ ಅಪರಾಧ. ಇದರಿಂದ ಸದಸ್ಯರಿಗೂ ವಿನಾಯಿತಿಯಿಲ್ಲ.

ಮೌನವನ್ನು ಬೆಳೆಸುವ ಮಾತುಗಳು

"ಮುಳ್ಳು ಸೆರಗಿನ ಮೇಲೆ ಬಿದ್ದರೂ, ಸೆರಗು ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಸೆರಗೇ" ಎಂಬ ಮಾತನ್ನು ಬುದ್ಧಿವಾದವೆಂಬಂತೆ ಹೆಣ್ಣುಮಕ್ಕಳಿಗೆ ಹೇಳುತ್ತ ಬರಲಾಗಿದೆ. ಈ ಮಾತಿನಲ್ಲಿ ಮುಳ್ಳಿಗೆ ಯಾವ ಹೊಣೆಯೂ ಇಲ್ಲ. ಅತ್ಯಾಚಾರವನ್ನು 'ಮಾನಭಂಗ' ಎಂದು ಕರೆಯುವಾಗಲೂ ಮಾನ ಕಳೆದುಕೊಂಡವಳು ಹೆಣ್ಣೆಂಬ ಅರ್ಥವೇ ಬರುತ್ತದೆ. ಅಪರಾಧ ಮಾಡಿದವನ ಮಾನದ ಪ್ರಶ್ನೆ ಏಳುವುದೇ ಇಲ್ಲ. "ಆ ಹೊತ್ತಿನಲ್ಲಿ ಅಲ್ಲಿಗೇಕೆ ಹೋಗಿದ್ದಳು", "ಎಂತಹ ಬಟ್ಟೆ ತೊಟ್ಟಿದ್ದಳು", "ಹುಡುಗರು ಇರುವುದೇ ಹಾಗೆ" ಎಂಬ ಮಾತುಗಳೂ ಇದೇ ಸಾಲಿಗೆ ಸೇರಿದವು. ಇವು ಅಪರಾಧಿಗೆ ಧೈರ್ಯವನ್ನೂ, ನೊಂದವಳಿಗೆ ಅಂಜಿಕೆಯನ್ನೂ ಕೊಡುತ್ತವೆ. ಸಭೆಯಲ್ಲಾಗಲಿ ಚಹಾದಂಗಡಿಯಲ್ಲಾಗಲಿ ಇಂತಹ ಮಾತು ಕೇಳಿಬಂದಾಗ ಸದಸ್ಯರು ಅಲ್ಲಿಯೇ ತಡೆದರೆ, ಅದನ್ನು ಕೇಳಿಸಿಕೊಂಡ ಹೆಣ್ಣುಮಕ್ಕಳಿಗೆ ಊರಿನಲ್ಲಿ ತಮ್ಮ ಪರ ನಿಲ್ಲುವವರಿದ್ದಾರೆಂದು ತಿಳಿಯುತ್ತದೆ.

ವಿಷಯ ತಿಳಿದಾಗ ಸದಸ್ಯರು ಮಾಡಬೇಕಾದುದು

1. ಸಂತ್ರಸ್ತೆಯ ಮಾತನ್ನು ಏಕಾಂತದಲ್ಲಿ, ನಡುವೆ ಬಾಯಿ ಹಾಕದೆ ಕೇಳುವುದು. ಘಟನೆಯನ್ನು ಮತ್ತೆ ಮತ್ತೆ ಹೇಳಿಸಬಾರದು.

2. ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಸಂಖ್ಯೆಗೆ ಕರೆ ಮಾಡಲು ನೆರವಾಗುವುದು. ಕೃತ್ಯ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ನೀಡಬಹುದು.

3. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ವಾಹನ ಒದಗಿಸುವುದು. ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಅತ್ಯಾಚಾರ ಸಂತ್ರಸ್ತರಿಗೆ ಉಚಿತವಾಗಿ ಚಿಕಿತ್ಸೆ ನೀಡತಕ್ಕದ್ದು. ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿಡಬೇಕು.

4. ಹೆಸರು, ಭಾವಚಿತ್ರ, ಮನೆಯ ಗುರುತನ್ನು ವಾಟ್ಸಾಪ್ ಗುಂಪುಗಳಲ್ಲಾಗಲಿ ಸಭೆಯಲ್ಲಾಗಲಿ ಬಹಿರಂಗಪಡಿಸದಿರುವುದು. ಅತ್ಯಾಚಾರ ಸಂತ್ರಸ್ತರ ಗುರುತನ್ನು ಪ್ರಕಟಿಸುವುದಕ್ಕೆ 2 ವರ್ಷಗಳವರೆಗೆ ಸೆರೆವಾಸವಿದೆ.

5. ದೂರು ನೀಡಿದ ನಂತರ ಆ ಕುಟುಂಬಕ್ಕೆ ನೀರು, ಕೂಲಿ, ಅಂಗಡಿ ವ್ಯವಹಾರದಲ್ಲಿ ಅಡ್ಡಿಯಾಗದಂತೆ ನೋಡಿಕೊಳ್ಳುವುದು.

ಮುಂಜಾಗ್ರತೆಯಾಗಿ ಆಂತರಿಕ ಸಮಿತಿಯ ಸದಸ್ಯರು, ತಾಲ್ಲೂಕು ನೋಡಲ್ ಅಧಿಕಾರಿ ಹಾಗೂ ಸಖಿ ಕೇಂದ್ರದ ದೂರವಾಣಿ ಸಂಖ್ಯೆಗಳನ್ನು ಪಂಚಾಯಿತಿ ಕಚೇರಿ, ಅಂಗನವಾಡಿ ಮತ್ತು ಕಾಮಗಾರಿ ಸ್ಥಳಗಳಲ್ಲಿ ಕಾಣುವಂತೆ ಬರೆಯಿಸುವುದು ಅಗತ್ಯ. ಈ ವಿವರಗಳನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಪಡೆಯಬಹುದು. ಮುಂದಿನ ಮಹಿಳಾ ಗ್ರಾಮಸಭೆಯಲ್ಲಿ ಇವನ್ನು ಓದಿ ಹೇಳಿ, ಕಾಯಕ ಬಂಧುಗಳಿಗೂ ಆಶಾ ಕಾರ್ಯಕರ್ತೆಯರಿಗೂ ತಿಳಿಸತಕ್ಕದ್ದು.