ಹುಂಡಿಗಳ ಊರು: ಮೆದೀನಾ ದೆಲ್ ಕಾಂಪೊ

ವ್ಯಾಪಾರ ನಿಮಿತ್ತವಾಗಿ ಸ್ಪೇನ್ ದೇಶಕ್ಕೆ ತೆರಳುವ ಉದ್ಯಮಿಗಳು ಸಾಮಾನ್ಯವಾಗಿ ಮ್ಯಾಡ್ರಿಡ್, ಬಾರ್ಸಿಲೋನಾ, ವೆಲೆನ್ಸಿಯಾಗಳಲ್ಲಿ ಕೆಲಸ ಮುಗಿಸಿಕೊಂಡು ಹಿಂದಿರುಗುತ್ತಾರೆ. ಒಂದು ದಿನ ಬಿಡುವು ದೊರೆತರೆ ತೊಲೇದೊ ನಗರವನ್ನೋ ಸೆಗೋವಿಯದ ಮೇಲ್ಗಾಲುವೆಯನ್ನೋ ನೋಡಿ ಬರುವುದುಂಟು. ಆದರೆ ಅಂಗಡಿ, ಖಾತೆ, ಮುದ್ದತು, ಸಂದಾಯ ಇವುಗಳ ನಡುವೆಯೇ ಬದುಕುವವನು ಕಾಣಲೇಬೇಕಾದ ಸಣ್ಣ ಊರೊಂದು ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿದೆ. ಅದರ ಹೆಸರು ಮೆದೀನಾ ದೆಲ್ ಕಾಂಪೊ. ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು. ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಹಣದ ಲೆಕ್ಕಾಚಾರ ಈ ಊರಿನ ಚೌಕದಲ್ಲಿ ಚುಕ್ತಾ ಆಗುತ್ತಿತ್ತು ಎಂದರೆ ಇಂದು ಅಲ್ಲಿ ನಿಂತವನಿಗೆ ನಂಬಿಕೆ ಬರುವುದು ಕಷ್ಟ.

ಮ್ಯಾಡ್ರಿಡ್‌ನಿಂದ ಅತಿವೇಗದ ರೈಲಿನಲ್ಲಿ ಬರುವವರು ಒಂದು ವಿಷಯ ಗಮನದಲ್ಲಿಡಬೇಕು. ಹೊಸ ರೈಲು ನಿಲ್ದಾಣ ಇರುವುದು ಊರಿನಿಂದ ಕೆಲವು ಕಿ.ಮೀ. ಹೊರಗೆ, ಹೊಲಗಳ ನಡುವೆ. ಹಳೆಯ ನಿಲ್ದಾಣ ಊರೊಳಗೇ ಇದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಎತ್ತರದ ಬಯಲು; ಗೋಧಿಯ ಹೊಲಗಳು, ಅವುಗಳಾಚೆ ದ್ರಾಕ್ಷಿ ತೋಟಗಳು. ರುಯೇದಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಿಳಿಯ ದ್ರಾಕ್ಷಾರಸ ಈ ಸೀಮೆಯದೇ.

ಪ್ರವಾಸಿಗಳು ಮೊದಲು ನೋಡುವುದು ದಿಬ್ಬದ ಮೇಲಿನ ಲಾ ಮೋತ ಕೋಟೆಯನ್ನು. ಕೆಂಪು ಇಟ್ಟಿಗೆಯ ಭವ್ಯ ಕಟ್ಟಡ. ಪೋಪ್ ಆರನೆಯ ಅಲೆಕ್ಸಾಂಡರನ ಮಗ ಸೆಸಾರೆ ಬೋರ್ಜಿಯಾ ಇಲ್ಲಿ ಸೆರೆಯಲ್ಲಿದ್ದು, 1506ರಲ್ಲಿ ಗೋಪುರದಿಂದ ಹಗ್ಗದ ಮೂಲಕ ಇಳಿದು ಪರಾರಿಯಾದನು. ಕೆಳಗಿನ ಚೌಕದ ಅಂಚಿನಲ್ಲಿದ್ದ ಅರಮನೆಯಲ್ಲಿ ರಾಣಿ ಇಸಬೆಲ್ಲಾ 1504ರ ಅಕ್ಟೋಬರ್‌ನಲ್ಲಿ ಉಯಿಲು ಬರೆಯಿಸಿ ನವೆಂಬರ್ 26ರಂದು ಕೊನೆಯುಸಿರೆಳೆದಳು. ಕೊಲಂಬಸನಿಗೆ ಹಡಗು ಕೊಡಿಸಿದ ರಾಣಿಯೇ ಈಕೆ. ಪ್ರವಾಸಿ ಮಾರ್ಗದರ್ಶಕರು ಇವೆರಡನ್ನೂ ತೋರಿಸಿ ಕೃತಾರ್ಥರಾಗುತ್ತಾರೆ. ವ್ಯಾಪಾರಸ್ಥನಿಗೆ ಬೇಕಾದ ಮೆದೀನಾ ಇನ್ನೂ ಮುಂದೆ ಇದೆ.

ಚೌಕದ ಸಾಲುಗಳು

ಹದಿನೈದನೆಯ ಶತಮಾನದ ಆರಂಭದಲ್ಲಿ ಇಲ್ಲಿಯ ಒಡೆಯನಾಗಿದ್ದ ಫರ್ನಾಂಡೊ ದೆ ಆಂತೆಕೇರ ವ್ಯಾಪಾರ ಮೇಳಗಳನ್ನು ಸ್ಥಾಪಿಸಿದನು. ಆತನ ವಿಧವೆ ಲಿಯೊನೋರ್ 1421ರಲ್ಲಿ ಹೊರಡಿಸಿದ ಕಟ್ಟಳೆಗಳು, ಯಾವ ಊರಿನ, ಯಾವ ಸರಕಿನ ವರ್ತಕರು ಯಾವ ಬೀದಿಯಲ್ಲಿ ಬಿಡಾರ ಹೂಡತಕ್ಕದ್ದೆಂಬುದನ್ನು ಗೊತ್ತುಪಡಿಸಿದವು. 1491ರಲ್ಲಿ ಫರ್ಡಿನಾಂಡ್ ಮತ್ತು ಇಸಬೆಲ್ಲಾ ಇವುಗಳಿಗೆ ಇಡೀ ರಾಜ್ಯದ ಸಾರ್ವತ್ರಿಕ ಮೇಳಗಳೆಂಬ ಮನ್ನಣೆ ನೀಡಿದರು. ವರ್ಷಕ್ಕೆ ಎರಡು ಮೇಳ: ಮೇ ತಿಂಗಳದೊಂದು, ಅಕ್ಟೋಬರ್ ತಿಂಗಳದೊಂದು. ಸೆಗೋವಿಯ ಮತ್ತು ಕ್ವೆಂಕದ ಉಣ್ಣೆ ಬಟ್ಟೆ, ಗ್ರನಾಡಾದ ರೇಷ್ಮೆ, ಫ್ಲಾಂಡರ್ಸ್‌ನ ಲಿನನ್, ಲಿಸ್ಬನ್ ಮಾರ್ಗವಾಗಿ ಬಂದ ಸಾಂಬಾರ ಪದಾರ್ಥಗಳು, ಲಿಯಾನ್ ಮತ್ತು ವೆನಿಸ್‌ನಲ್ಲಿ ಅಚ್ಚಾದ ಪುಸ್ತಕಗಳು ಇಲ್ಲಿ ಕೈ ಬದಲಾಯಿಸುತ್ತಿದ್ದವು. ನಮ್ಮ ಮಲಬಾರ್ ಕರಾವಳಿಯ ಮೆಣಸೂ ಆ ಲಿಸ್ಬನ್ ಮೂಟೆಗಳಲ್ಲಿಯೇ ಸಾಗುತ್ತಿದ್ದಿತು.

ಚೌಕದ ಅಂಚಿಗೆ ಸಂತ ಆಂತೊಲಿನ್ ಚರ್ಚು ಇದೆ. ಅದರ ಹೊರಗೋಡೆಯಲ್ಲಿ, ಚೌಕಕ್ಕೆ ಮುಖ ಮಾಡಿ, ಒಂದು ಮೊಗಸಾಲೆ, ಅದರಲ್ಲಿ ಪೂಜಾವೇದಿಕೆ. ಮೇಳದ ದಿನಗಳಲ್ಲಿ ಪಾದ್ರಿಗಳು ಅಲ್ಲಿ ನಿಂತೇ ಪ್ರಾರ್ಥನೆ ನಡೆಸುತ್ತಿದ್ದರು. ವರ್ತಕರು ಮಳಿಗೆ ಬಿಟ್ಟು ಏಳದೆ, ಗಲ್ಲೆಯ ಮೇಲೆ ಒಂದು ಕಣ್ಣಿಟ್ಟುಕೊಂಡೇ ಪುಣ್ಯ ಸಂಪಾದಿಸಬಹುದಿತ್ತು. ದೇವರಿಗೂ ದಂಧೆಗೂ ಇಷ್ಟು ಸುಸೂತ್ರವಾದ ಒಪ್ಪಂದ ಬೇರೆಲ್ಲಿ ಆಗಿದೆಯೋ ತಿಳಿಯದು.

1520ರ ಆಗಸ್ಟ್‌ನಲ್ಲಿ ಈ ಊರು ಸುಟ್ಟುಹೋಯಿತು. ದಂಗೆಯೆದ್ದ ಸೆಗೋವಿಯ ನಗರದ ಮೇಲೆ ಪ್ರಯೋಗಿಸಲು ಇಲ್ಲಿಯ ಫಿರಂಗಿಗಳನ್ನು ಒಯ್ಯಲು ರಾಜನ ಸೈನ್ಯ ಬಂದಾಗ ಊರಿನವರು ಕೊಡಲೊಪ್ಪಲಿಲ್ಲ. ಸೈನಿಕರು ಬೆಂಕಿಯಿಟ್ಟರು. ವರ್ತಕರು ಸರಕು ದಾಸ್ತಾನು ಮಾಡಿದ್ದ ಫ್ರಾನ್ಸಿಸ್ಕನ್ ಮಠವೂ ಬೂದಿಯಾಯಿತು. ಆದರೂ ಮೇಳಗಳು ಮತ್ತೆ ಚೇತರಿಸಿಕೊಂಡವು. ಅವುಗಳ ಅತ್ಯಂತ ಸಮೃದ್ಧ ಕಾಲ ಬಂದದ್ದು ಈ ಬೆಂಕಿಯ ನಂತರವೇ. ಸುಟ್ಟ ಸರಕನ್ನು ಮತ್ತೆ ತುಂಬಿಕೊಳ್ಳಬಹುದು. ಮೆದೀನಾ ಸೋತದ್ದು ಬೇರೊಂದು ಕಾರಣಕ್ಕೆ.

ಒಂದು ಚೀಟಿ, ನಾಲ್ವರು ಜನ

ಅದನ್ನು ತಿಳಿಯಬೇಕಾದರೆ ಸಂತ ಮಾರ್ತಿನ್‌ನ ಹಳೆಯ ಚರ್ಚಿನಲ್ಲಿ 2000ದಲ್ಲಿ ತೆರೆದ ಮೇಳಗಳ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿಯ ಕಬ್ಬಿಣದ ತಿಜೋರಿಗಳಿಗಿಂತ, ತೂಕದ ಬಟ್ಟುಗಳಿಗಿಂತ ಮುಖ್ಯವಾದವು ಅಂಗೈಯಗಲದ ಕಾಗದದ ಚೀಟಿಗಳು. ಅವೇ ವಿನಿಮಯ ಪತ್ರಗಳು, ಅಂದರೆ ಹುಂಡಿಗಳು.

ಅವುಗಳ ವ್ಯವಹಾರ ಹೀಗಿತ್ತು. ಕಾಸ್ಟೈಲಿನ ವರ್ತಕನೊಬ್ಬನ ಗುಮಾಸ್ತನಿಗೆ ಆಂಟ್ವರ್ಪ್‌ನಲ್ಲಿ ಬಟ್ಟೆ ಕೊಳ್ಳಲು ಹಣ ಬೇಕೆಂದು ಭಾವಿಸೋಣ. ಆತ ಅಲ್ಲಿಯ ಸಾಹುಕಾರನಿಂದ ಫ್ಲಾಂಡರ್ಸ್‌ನ ನಾಣ್ಯದಲ್ಲಿ ಹಣ ಪಡೆದು, ಮೆದೀನಾದ ಮುಂದಿನ ಮೇಳದಲ್ಲಿ ತನ್ನ ಯಜಮಾನನು ಇಷ್ಟು ಡ್ಯೂಕಟ್‌ಗಳನ್ನು, ಪ್ರತಿ ಡ್ಯೂಕಟ್‌ಗೆ 375 ಮರಾವೆದಿಯ ಲೆಕ್ಕದಲ್ಲಿ, ಸಾಹುಕಾರನ ಪ್ರತಿನಿಧಿಗೆ ಸಲ್ಲಿಸತಕ್ಕದ್ದೆಂದು ಚೀಟಿ ಬರೆದುಕೊಡುವನು. ಹಣ ಕೊಟ್ಟವನು, ಪಡೆದವನು, ಸಲ್ಲಿಸುವವನು, ವಸೂಲು ಮಾಡುವವನು ಎಂದು ನಾಲ್ವರು. ಬಡ್ಡಿ ಪಾಪವೆಂದು ಚರ್ಚು ಸಾರಿದ್ದುದರಿಂದ ಚೀಟಿಯಲ್ಲಿ ಬಡ್ಡಿಯ ಮಾತಿಲ್ಲ; ಅದು ವಿನಿಮಯ ದರದೊಳಗೆ ಅಡಗಿ ಕುಳಿತಿರುತ್ತಿತ್ತು.

ಮೇಳದ ಕೊನೆಯ ದಿನಗಳಲ್ಲಿ ಇಂತಹ ಚೀಟಿಗಳೆಲ್ಲ ಒಟ್ಟಿಗೆ ಬಟವಾಡೆಗೆ ಬರುತ್ತಿದ್ದವು. ನಗದು ಎಣಿಸುವುದು ಅಪರೂಪ. ಚೌಕದಲ್ಲಿ ಮೇಜು ಹಾಕಿ ಕುಳಿತ ಬ್ಯಾಂಕರುಗಳು ಒಬ್ಬನ ಹೆಸರಿಗೆ ಖರ್ಚು, ಇನ್ನೊಬ್ಬನ ಹೆಸರಿಗೆ ಜಮಾ ಬರೆದುಕೊಂಡರೆ ಸಂದಾಯವಾದಂತೆಯೇ. ಇಂದು ಬ್ಯಾಂಕುಗಳ ನಡುವೆ ನಡೆಯುವ ಕ್ಲಿಯರಿಂಗ್ ಎಂಬುದು ಬೇರೇನಲ್ಲ. ಈ ಪುಸ್ತಕಗಳ ಮೇಲೆ ಸರ್ಕಾರದ ಕಣ್ಣೂ ಇತ್ತು: 1549 ಮತ್ತು 1552ರ ರಾಜಾಜ್ಞೆಗಳ ಪ್ರಕಾರ ಕಾಸ್ಟೈಲಿನ ಬ್ಯಾಂಕರುಗಳೂ ವರ್ತಕರೂ ದ್ವಿನಮೂದು ಪದ್ಧತಿಯಲ್ಲಿಯೇ, ಕಾಸ್ಟೈಲಿನ ಭಾಷೆಯಲ್ಲಿಯೇ ಲೆಕ್ಕ ಬರೆಯಬೇಕಾಗಿತ್ತು. ಈ ಪದ್ಧತಿಯನ್ನು ಕುರಿತ ಮೊದಲ ಸ್ಪಾನಿಷ್ ಪುಸ್ತಕ 1590ರಲ್ಲಿ ಪ್ರಕಟವಾಯಿತು. ಅದರ ಕರ್ತೃ ಸೊಲೋರ್ಸಾನೊ ನೆರೆಯ ಮೆದೀನಾ ದೆ ರಿಯೊಸೆಕೊದವನು. ಕಾಯಿದೆ ಮೊದಲು, ಕಲಿಸುವ ಪುಸ್ತಕ ನಾಲ್ಕು ದಶಕದ ಮೇಲೆ: ಲೆಕ್ಕಪತ್ರದ ಕಾನೂನುಗಳ ಚಾಳಿ ಹಳೆಯದೇ.

1544ರಲ್ಲಿ ಇದೇ ಊರಿನಲ್ಲಿ ಅಚ್ಚಾದ ಇನ್ನೊಂದು ಪುಸ್ತಕವನ್ನು ಹೆಸರಿಸದೆ ಇರಲಾಗದು. ಸರಾವಿಯ ದೆ ಲಾ ಕಾಯೆ ಎಂಬಾತ ವರ್ತಕರಿಗಾಗಿ ಬರೆದದ್ದು. ನ್ಯಾಯವಾದ ಬೆಲೆ ಸರಕಿಗೆ ತಗುಲಿದ ಖರ್ಚಿನಿಂದ ಹುಟ್ಟುವುದಿಲ್ಲ. ಸರಕು, ವರ್ತಕರು, ಹಣ ಇವುಗಳ ಸಮೃದ್ಧಿ ಅಥವಾ ಅಭಾವದಿಂದ ಹುಟ್ಟುತ್ತದೆ ಎಂಬುದು ಅವನ ವಾದ. ಅಸಲಿನ ಮೇಲೆ ಶೇಕಡಾ ಇಷ್ಟು ಸೇರಿಸಿ ಬೆಲೆ ಕಟ್ಟುವ ಸಣ್ಣ ತಯಾರಕರು ಈಗಲೂ ಆತನೊಡನೆ ಜಗಳವಾಡಬಹುದು.

ಸಾಲಗಾರನೇ ದೊರೆಯಾದಾಗ

ಈ ಚೀಟಿಗಳ ಬಹುಭಾಗ ಉಳಿದು ಬಂದದ್ದು ಸಿಮೋನ್ ರೂಯಿಸ್ ಎಂಬ ಒಬ್ಬನೇ ವರ್ತಕನ ದೆಸೆಯಿಂದ. ಬುರ್ಗೋಸ್ ಸೀಮೆಯ ಬೆಲೊರಾದೊದಿಂದ ಬಂದು ಮೆದೀನಾದಲ್ಲಿ ನೆಲೆಸಿದ ಆತ ಬಟ್ಟೆಯ ವ್ಯಾಪಾರದಿಂದ ಹಣದ ವ್ಯಾಪಾರಕ್ಕೆ ಏರಿದನು. ಲಿಸ್ಬನ್, ಲಿಯಾನ್, ಆಂಟ್ವರ್ಪ್, ಫ್ಲಾರೆನ್ಸ್‌ಗಳಿಂದ ಅವನಿಗೆ ಬಂದ ಐವತ್ತು ಸಾವಿರಕ್ಕೂ ಹೆಚ್ಚು ಪತ್ರಗಳು, ಸುಮಾರು ಇಪ್ಪತ್ತು ಸಾವಿರ ಹುಂಡಿಗಳು ಅವನು ಕಟ್ಟಿಸಿದ ಆಸ್ಪತ್ರೆಯಲ್ಲಿ ಶತಮಾನಗಳ ಕಾಲ ಉಳಿದುಕೊಂಡವು. ಕಾಗದ ಎಸೆಯದ ವರ್ತಕನಿಗೆ ಇತಿಹಾಸಕಾರರು ಋಣಿಗಳು.

ಆ ಪತ್ರಗಳ ಕಾಲದ ಕಥೆ ಸುಖಕರವಾದುದಲ್ಲ. ಎರಡನೆಯ ಫಿಲಿಪ್ ದೊರೆ ಫ್ಲಾಂಡರ್ಸ್‌ನಲ್ಲಿದ್ದ ತನ್ನ ಸೈನ್ಯಕ್ಕೆ ಸಂಬಳ ಕೊಡಲು ಜಿನೋವಾದ ಸಾಹುಕಾರರಿಂದ ಸಾಲ ಎತ್ತುತ್ತಿದ್ದನು. ಅವರು ಅಲ್ಲಿ ಹಣ ಕೊಡುವುದು. ದೊರೆ ಅಮೆರಿಕದಿಂದ ಬೆಳ್ಳಿಯ ಹಡಗುಗಳು ಬಂದಾಗ ಕಾಸ್ಟೈಲಿನ ಮೇಳಗಳಲ್ಲಿ ಮರುಪಾವತಿ ಮಾಡುವುದು. ಹಡಗು ತಡವಾದರೆ? ಮೇಳದ ಬಟವಾಡೆಯ ದಿನಾಂಕವನ್ನೇ ಮುಂದೂಡುವಂತೆ ದೊರೆಯ ಆಜ್ಞೆ ಹೊರಡುತ್ತಿತ್ತು. ಸಾಲಗಾರನೇ ಶಾಸನಕರ್ತನಾದರೆ ಮುದ್ದತು ಎಂಬುದಕ್ಕೆ ಅರ್ಥವೇನು? ದೊರೆಯ ಒಂದು ಬಾಕಿಗಾಗಿ ಆ ಮೇಳಕ್ಕೆ ಬರೆದ ಎಲ್ಲ ಹುಂಡಿಗಳೂ ಕಾಯಬೇಕಾಯಿತು. ಅವುಗಳನ್ನು ನಂಬಿ ಲಿಯಾನ್‌ನಲ್ಲಿ, ಆಂಟ್ವರ್ಪ್‌ನಲ್ಲಿ ಬರೆದ ಹುಂಡಿಗಳೂ ಕಾದವು. ರಾಜನೊಡನೆ ಯಾವ ವ್ಯವಹಾರವೂ ಇಲ್ಲದ ಬಟ್ಟೆ ವ್ಯಾಪಾರಿ ಪೆಟ್ಟು ತಿಂದನು. ಸರ್ಕಾರಿ ಬಿಲ್ಲಿಗಾಗಿ ಕಾದು ಕುಳಿತಿರುವ ಗುತ್ತಿಗೆದಾರರಿಗೂ, ಅವರಿಗೆ ಉದ್ರಿ ಕೊಟ್ಟ ಅಂಗಡಿಯವರಿಗೂ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1575ರ ಸೆಪ್ಟೆಂಬರ್‌ನಲ್ಲಿ ದೊರೆ ಸಾಲದ ಪಾವತಿಯನ್ನು ಪೂರಾ ನಿಲ್ಲಿಸಿದನು. 1557ರಲ್ಲಿಯೂ ಹೀಗೆಯೇ ಮಾಡಿದ್ದನು. 1596ರಲ್ಲಿ ಮತ್ತೆ ಮಾಡಿದನು. ಅದೇ ಹೊತ್ತಿಗೆ ಮಾರಾಟ ತೆರಿಗೆಯ ಹೊರೆಯೂ ಬಹುವಾಗಿ ಏರಿತು. ಸಂಬಳ ಕಾಣದ ಸೈನಿಕರು 1576ರ ನವೆಂಬರ್‌ನಲ್ಲಿ ಆಂಟ್ವರ್ಪ್ ನಗರವನ್ನೇ ಲೂಟಿ ಮಾಡಿದರು. ಹೀಗೆ ಮೆದೀನಾದ ಎರಡು ತುದಿಗಳೂ ಮುರಿದವು. ಮೇಳಗಳು ಮುಂದೆ ನಡೆದವಾದರೂ, ಹೇಳಿದ ದಿನ ಹಣ ಸಲ್ಲುತ್ತದೆ ಎಂಬ ನಂಬಿಕೆ ಮರಳಲಿಲ್ಲ. 1561ರಿಂದ ರಾಜಧಾನಿಯಾಗಿದ್ದ ಮ್ಯಾಡ್ರಿಡ್‌ಗೆ ಹಣದ ವ್ಯವಹಾರ ಕ್ರಮೇಣ ಜಾರಿತು.

ಸಿಮೋನ್ ರೂಯಿಸ್ 1575ರ ಪೆಟ್ಟಿನಿಂದ ತಪ್ಪಿಸಿಕೊಂಡನು. ಆದರೆ ಜಿನೋವಾದವರು ಕೈ ಹಿಂತೆಗೆದ ಮೇಲೆ ರಾಜನಿಗೆ ಸಾಲ ಕೊಡಲು ಮುಂದಾದವರಲ್ಲಿ ಆತನೂ ಒಬ್ಬ. ಬುದ್ಧಿವಂತರಿಗೂ ರಾಜಮುದ್ರೆಯ ಕಾಗದದ ಮೇಲೆ ಮೋಹ ಬಿಡುವುದಿಲ್ಲ. ಎರಡು ಮದುವೆಯಾದರೂ ಮಕ್ಕಳಿರಲಿಲ್ಲ. ವ್ಯವಹಾರ ಸಾಗಿಸಿದ ಸೋದರನ ಮಗ ಕೊಸ್ಮೆ ಕಡೆಗೆ ದಿವಾಳಿಯಾದನು. ಸಿಮೋನ್ 1597ರಲ್ಲಿ ತೀರಿಕೊಂಡನು. ಆತನ ಆಸ್ಪತ್ರೆಯ ಚರ್ಚಿನಲ್ಲಿ ಇಬ್ಬರು ಪತ್ನಿಯರೊಡನೆ ಮಂಡಿಯೂರಿದ ಅವನ ಪ್ರತಿಮೆ ಇಂದಿಗೂ ಇದೆ. ಅವನ ಸಂಪತ್ತಿನಲ್ಲಿ ಊರಿಗೆ ದಕ್ಕಿದ್ದು ಈ ಇಟ್ಟಿಗೆಯ ಕಟ್ಟಡ ಮತ್ತು ಆ ಕಾಗದಗಳು.

ಈಗ ಊರಿಗೆ ಪೀಠೋಪಕರಣದ ವ್ಯಾಪಾರದಿಂದ ಒಂದಿಷ್ಟು ಹೆಸರಿದೆ. ಸಪಾರ್ದಿಯೆಲ್ ಎಂಬ ಸಣ್ಣ ಹೊಳೆಯ ದಡದಲ್ಲಿ ಹದಿನಾರನೆಯ ಶತಮಾನದ ಮಾಂಸದ ಮಾರುಕಟ್ಟೆಯ ಕಟ್ಟಡ ನಿಂತಿದೆ. ಮೇಳದ ಕಾಲದ ಚೌಕ ಊರಿನ ಇಂದಿನ ಗಾತ್ರಕ್ಕೆ ದೊಡ್ಡದಾಯಿತು; ಅಪ್ಪನ ಅಂಗಿ ತೊಟ್ಟ ಹುಡುಗನಂತೆ ಕಾಣುತ್ತದೆ. ವಾರಕ್ಕೊಂದು ದಿನ ಮಾತ್ರ ಅದು ತುಂಬುವುದು. ಸ್ಪೇನಿನ ಇತರ ಊರುಗಳಲ್ಲಿ ಅಂಗಡಿಗಳು ಭಾನುವಾರ ಮುಚ್ಚಿದರೆ ಮೆದೀನಾದ ವರ್ತಕರು ಭಾನುವಾರದ ಸಂತೆಗೆಂದು ಬಾಗಿಲು ತೆರೆದು ಗುರುವಾರ ರಜೆ ಹಿಡಿಯುವ ಹಳೆಯ ವಾಡಿಕೆಯವರು. ಆದುದರಿಂದ ಇಲ್ಲಿಗೆ ಭಾನುವಾರ ಬೆಳಿಗ್ಗೆ ಬರುವುದು ಲೇಸು. ಗುರುವಾರ ಬಂದವನಿಗೆ ಕೋಟೆ ಕಾಣಸಿಗಬಹುದು, ಅಂಗಡಿ ಕಾಣಸಿಗದು.