ನಿಮ್ಮನೆ ಕರೆಂಟಿನ ‘ಪ್ಲಾನ್’ ಆರಿಸಿದ್ದು ಯಾರು?

ಮೊಬೈಲಿಗೆ 28 ದಿನದ ರೀಚಾರ್ಜ್ ಲಾಭವೋ, 84 ದಿನದ್ದೋ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಳ್ಳುವವರು ನಾವು. ಕರೆಂಟ್ ಬಿಲ್ಲಿನ ವಿಷಯಕ್ಕೆ ಬಂದರೆ ಮೀಟರ್ ರೀಡರ್ ಕೊಟ್ಟ ಚೀಟಿಯ ಕೊನೇ ಸಾಲು ನೋಡಿ, ಸೊನ್ನೆ ಇದ್ದರೆ ಖುಷಿಪಟ್ಟು, ಇಲ್ಲದಿದ್ದರೆ ಬೈದು, ಫ್ರಿಜ್ ಮೇಲೆ ಇಟ್ಟುಬಿಡ್ತೇವೆ. ಆರಿಸಲಿಕ್ಕೆ ಎಂತ ಉಂಟು, ಇರುವುದು ಮೆಸ್ಕಾಂ ಒಂದೇ ಅಲ್ವಾ ಅನ್ನುವುದು ಎಲ್ಲರ ಮಾತು. ಮಾತು ನಿಜ. ನಮ್ಮೂರಿನ ಹೋಟೆಲಿನವರು ಹೋಗಿ ನೆಲೆಸಿದ ಮುಂಬೈಯ ಉಪನಗರಗಳಲ್ಲಿ ಟಾಟಾ ಪವರ್ ಬೇಕೋ, ಅದಾನಿ ಬೇಕೋ ಅಂತ ಮನೆಯವರು ಆರಿಸಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಆ ಆಯ್ಕೆ ಇಲ್ಲ. ಹೊಸಂಗಡಿಯ ಬುಡದಲ್ಲೇ 460 ಮೆಗಾವಾಟ್‌ನ ವಾರಾಹಿ ವಿದ್ಯುದಾಗಾರ ಇದ್ದರೂ ಪಕ್ಕದ ಊರಿನವರಿಗೆ ದರ ಬೆಂಗಳೂರಿನದ್ದೇ.

ಆದರೆ ಪ್ಲಾನ್ ಇಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಪ್ರತಿ ಮನೆಗೂ ಒಂದು ಪ್ಲಾನ್ ಇದೆ. ಅದನ್ನು ಆರಿಸಿದ್ದು ನೀವಲ್ಲ, 2022-23ರಲ್ಲಿ ನಿಮ್ಮನೆ ಮೀಟರ್ ಎಷ್ಟು ಓಡಿತ್ತು ಅನ್ನುವುದು.

ಮೊದಲು ದರ. 2023ರ ಮೇಯಲ್ಲಿ ಕೆಇಆರ್‌ಸಿ, ಅಂದರೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ, ಹಳೇ ಸ್ಲ್ಯಾಬ್‌ಗಳನ್ನು ಎರಡಕ್ಕೆ ಇಳಿಸಿತು. 100 ಯೂನಿಟ್ ಒಳಗಿದ್ದರೆ ₹4.75, ಅದು ದಾಟಿದರೆ ಅಷ್ಟೂ ಯೂನಿಟ್‌ಗೆ ₹7. ಮರುವರ್ಷ ಅದೂ ಹೋಯಿತು, ಎಲ್ಲರಿಗೂ ₹5.90. 2025ರ ಏಪ್ರಿಲ್ 1ರಿಂದ ₹5.80. ಇಪ್ಪತ್ತು ಯೂನಿಟ್ ಸುಡುವ ಮನೆಗೂ, ಎರಡು ಎಸಿ ಇಟ್ಟ ಮನೆಗೂ ಒಂದೇ. ಕಮ್ಮಿ ಬಳಸುವವರಿಗೆ ಕಮ್ಮಿ ದರ ಅನ್ನುವ ಹಳೇ ತತ್ವ ದರಪಟ್ಟಿಯಿಂದ ಸದ್ದಿಲ್ಲದೆ ಜಾಗ ಖಾಲಿ ಮಾಡಿತು. ಗೃಹಜ್ಯೋತಿ ಇದ್ದದ್ದರಿಂದ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ.

₹5.80 ಅಂದರೂ ಕೈಬಿಡುವುದು ಅಷ್ಟೇ ಅಲ್ಲ. ಅದರ ಮೇಲೆ ಶೇ 9 ವಿದ್ಯುತ್ ತೆರಿಗೆ. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು 2025-26ಕ್ಕೆ ಯೂನಿಟ್‌ಗೆ 36 ಪೈಸೆ. ಒಟ್ಟು ₹6.68. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಲೆಕ್ಕದಲ್ಲಿ ಹಿಡಿದಿಲ್ಲ. ಇದಲ್ಲದೆ ನಿಗದಿತ ಶುಲ್ಕ: 2025-26ಕ್ಕೆ ಮಂಜೂರಾದ ಲೋಡಿನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ ₹145.

ಈಗ ಗೃಹಜ್ಯೋತಿ. 200 ಯೂನಿಟ್ ಫ್ರೀ ಅನ್ನುವುದು ಭಾಷಣದ ಸಾಲು. ಆದೇಶದ ಪ್ರಕಾರ 2022-23ರ ನಿಮ್ಮ ತಿಂಗಳ ಸರಾಸರಿ, ಅದರ ಮೇಲೆ ಶೇ 10, ಅಷ್ಟು ಫ್ರೀ. ಸರಾಸರಿ 48ಕ್ಕಿಂತ ಕಮ್ಮಿ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಅಂತ 2024ರ ಜನವರಿಯಲ್ಲಿ ತಿದ್ದಿದರು. ಆ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53ರ ಮೇಲೆ ಶೇ 10, ಅಂದರೆ 58. ನಿಮ್ಮ ಪಾಲು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ದುಡ್ಡು. 200 ದಾಟಿದರೆ ಪೂರಾ ಬಿಲ್.

ನಮ್ಮೂರಲ್ಲಿ ಇದು ಹೇಗೆ ಕೆಲಸ ಮಾಡ್ತದೆ ನೋಡಿ. ಬೀಗ ಹಾಕಿದ ಮನೆಗಳಿಗೆ ನಮ್ಮಲ್ಲಿ ಬರ ಇಲ್ಲ. ಮಕ್ಕಳು ಬೆಂಗಳೂರಲ್ಲಿ ಹೋಟೆಲು, ಅಪ್ಪ ಅಮ್ಮನೂ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅಲ್ಲೇ, ಊರಿನ ಮನೆಗೆ ಬರುವುದು ಹಬ್ಬಕ್ಕೆ, ದೈವದ ಕೋಲಕ್ಕೆ. ಅಂಥ ಮನೆಯ ಅಂದಿನ ಸರಾಸರಿ 15 ಅಂತ ಇಟ್ಟುಕೊಳ್ಳಿ. ಪಾಲು 25. ಈಗ ವಯಸ್ಸಾದವರು ಊರಿಗೆ ವಾಪಸ್ ಬಂದಿದ್ದಾರೆ. ಫ್ರಿಜ್, ಫ್ಯಾನು, ಬಾವಿ ಪಂಪು ಸೇರಿ ತಿಂಗಳಿಗೆ 110 ಯೂನಿಟ್. ಹೆಚ್ಚಾದ 85 ಯೂನಿಟ್‌ಗೆ ಸುಮಾರು ₹568. ಪಕ್ಕದ ಮನೆಯಲ್ಲಿ ಆ ವರ್ಷ ಎಸಿ ಓಡಿ ಸರಾಸರಿ 150 ಇತ್ತು, ಪಾಲು 165. ಅವರೂ ಈಗ 110 ಬಳಸಿದರೆ ಬಿಲ್ ಸೊನ್ನೆ. ಒಂದೇ ಬೀದಿ, ಒಂದೇ ಕಂಬ, ಒಂದೇ ಬಳಕೆ. ಅಂದು ಉಳಿಸಿದವರಿಗೆ ಇಂದು ಬಿಲ್ಲು, ಅಂದು ಉರಿಸಿದವರಿಗೆ ಇಂದು ಬಹುಮಾನ. ಬಡವರಿಗೆ ನೆರವು ಕೊಡುವ ಯೋಜನೆಯನ್ನು ನಾನು ವಿರೋಧಿಸುವವನಲ್ಲ. ಆದರೆ ಒಂದು ಹಳೇ ವರ್ಷದ ಮೀಟರನ್ನು ಮನೆಯ ಜಾತಕದ ಹಾಗೆ ಹಿಡಿದುಕೊಂಡು ಕೂರುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ. ಎಲ್ಲರಿಗೂ ಸಮನಾಗಿ ಇಷ್ಟು ಯೂನಿಟ್ ಅಂತ ಕೊಡಬಹುದಿತ್ತು.

ಎರಡನೇದು 200ರ ಆಚೆಯ ಪ್ರಪಾತ. ಸರಾಸರಿ 120 ಇದ್ದ ಮನೆಯ ಪಾಲು 132. ಏಪ್ರಿಲ್-ಮೇ ಸೆಕೆಗೆ ಸರಿಯಾಗಿ 200 ಯೂನಿಟ್ ಆದರೆ ಹೆಚ್ಚಾದ 68ಕ್ಕೆ ಸುಮಾರು ₹454. 201 ಆದರೆ? 3 ಕಿಲೋವಾಟ್ ಲೋಡಿನ ಮನೆಗೆ 201 ಯೂನಿಟ್‌ಗೆ ₹1,343, ನಿಗದಿತ ಶುಲ್ಕ ₹435, ಒಟ್ಟು ₹1,778. ಒಂದು ಯೂನಿಟ್‌ಗೆ ₹1,300ಕ್ಕಿಂತ ಜಾಸ್ತಿ ವ್ಯತ್ಯಾಸ. ಇಂಜಿನಿಯರಿಂಗ್ ಓದಿದವನಿಗೆ ಇಂಥ ಗ್ರಾಫ್ ನೋಡಿದರೆ ಹೊಟ್ಟೆಯೊಳಗೆ ಎಂತದೋ ಆಗ್ತದೆ. ಹಾಗಾಗಿ ನಿಮ್ಮ ಕೈಲಿರುವ ಮೊದಲ ಆಯ್ಕೆ ಇದು: ತಿಂಗಳ 20ನೇ ದಿನ ಮೀಟರ್ ನೋಡಿ. ದಿನಕ್ಕೆ ಆರೂವರೆ ಯೂನಿಟ್ ಗಡಿ. ಒಂದೂವರೆ ಟನ್ ಎಸಿ ರಾತ್ರಿಯಿಡೀ ಓಡಿದರೆ ಅದೊಂದೇ ಆರೇಳು ಯೂನಿಟ್ ತಿನ್ನಬಹುದು. ಫ್ಯಾನಿನ ಲೆಕ್ಕ ಯಾರೂ ಮಾಡುವುದಿಲ್ಲ. ಹಳೇ ಫ್ಯಾನ್ 75 ವಾಟ್, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ನಾಲ್ಕು ಫ್ಯಾನ್ ದಿನಕ್ಕೆ 12 ಗಂಟೆ ತಿರುಗುವ ಮನೆಯಲ್ಲಿ ತಿಂಗಳಿಗೆ 65 ಯೂನಿಟ್ ಉಳಿತಾಯ. ಗಡಿ ಹತ್ತಿರ ಓಡಾಡುವ ಮನೆಗೆ ಇದಕ್ಕಿಂತ ಒಳ್ಳೇ ‘ಪ್ಲಾನ್’ ಇಲ್ಲ.

ಲೋಡು ಇನ್ನೊಂದು ಆಯ್ಕೆ. ಮನೆ ಕಟ್ಟುವಾಗ ಯಾರೋ ಅರ್ಜಿಯಲ್ಲಿ 5 ಕಿಲೋವಾಟ್ ಅಂತ ಬರೆದಿರ್ತಾರೆ. ತಿಂಗಳಿಗೆ ₹725. ಬಿಲ್ಲಲ್ಲಿ ಎಂಡಿ, ಅಂದರೆ ಆ ತಿಂಗಳ ಗರಿಷ್ಠ ಬೇಡಿಕೆ, ವರ್ಷವಿಡೀ 2ರ ಒಳಗೇ ಇದ್ದರೆ ಲೋಡ್ ಇಳಿಸಲು ಮೆಸ್ಕಾಂ ಉಪವಿಭಾಗದಲ್ಲಿ ಅರ್ಜಿ ಹಾಕಬಹುದು. 2ಕ್ಕೆ ₹290 ಸಾಕು. ಇಲ್ಲೂ ಒಂದು ವಿಚಿತ್ರ: ಸೊನ್ನೆ ಬಿಲ್ಲಿನವರಿಗೆ ಇಳಿಸುವ ಉಸಾಬರಿಯೇ ಬೇಡ, ಯಾಕೆಂದರೆ ಆ ₹725 ಕಟ್ಟುವುದು ಸರ್ಕಾರ. ಬೀಗ ಹಾಕಿದ ದೊಡ್ಡ ಮನೆಯ ನಿಗದಿತ ಶುಲ್ಕವೂ ಹೀಗೇ ನಮ್ಮ ತೆರಿಗೆಯಿಂದ ಹೋಗ್ತಾ ಇರ್ತದೆ.

ಸೋಲಾರ್ ಹಾಕಿಸುವಾ ಅಂತ ಕೇಳುವವರು ಬಹಳ. ಪಿಎಂ ಸೂರ್ಯಘರ್‌ನಲ್ಲಿ 1 ಕಿಲೋವಾಟ್‌ಗೆ ₹30,000, 2ಕ್ಕೆ ₹60,000, 3 ಮತ್ತು ಮೇಲಕ್ಕೆ ₹78,000 ಸಬ್ಸಿಡಿ. ಕೇಂದ್ರ ಹಿಡಿದ ಲೆಕ್ಕದಲ್ಲಿ 3 ಕಿಲೋವಾಟ್‌ಗೆ ₹1.45 ಲಕ್ಷ, ಮಾರುಕಟ್ಟೆಯಲ್ಲಿ ಅದಕ್ಕಿಂತ ಜಾಸ್ತಿಯೇ ಹೇಳ್ತಾರೆ. ತಿಂಗಳಿಗೆ 250 ಯೂನಿಟ್ ದುಡ್ಡು ಕೊಟ್ಟು ಬಳಸುವ ಮನೆಗೆ ವರ್ಷಕ್ಕೆ ₹20,000 ಉಳಿಯಬಹುದು, ನಾಲ್ಕರಿಂದ ಆರು ವರ್ಷದಲ್ಲಿ ಅಸಲು ಬರ್ತದೆ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಆಕಾಶ ಎಂಥದ್ದು ಅಂತ ಬಳ್ಳಾರಿಯವರಿಗೆ ಮಾಡಿದ ಲೆಕ್ಕದ ಹಾಳೆಯಲ್ಲಿ ಇರುವುದಿಲ್ಲ. ತೆಂಗಿನ ನೆರಳು, ಹಂಚಿನ ಮಾಡು, ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣ, ಎಲ್ಲ ನೋಡಿಕೊಂಡೇ ಸಹಿ ಹಾಕಿ. ಸೊನ್ನೆ ಬಿಲ್ಲಿನ ಮನೆಗೆ ಸೋಲಾರ್‌ನಿಂದ ಉಳಿಯುವುದು ಎಂತದೂ ಇಲ್ಲ. ಒಂದು ಸರ್ಕಾರದ ಯೋಜನೆ ಇನ್ನೊಂದು ಸರ್ಕಾರದ ಯೋಜನೆಗೆ ಗಿರಾಕಿ ಇಲ್ಲದ ಹಾಗೆ ಮಾಡಿದೆ.

ನಿಜವಾದ ‘ಪ್ಲಾನ್’ ಆಯ್ಕೆ ಬರಲಿಕ್ಕಿರುವುದು ಸ್ಮಾರ್ಟ್ ಮೀಟರ್ ಜೊತೆ. ಕೇಂದ್ರದ 2023ರ ತಿದ್ದುಪಡಿ ನಿಯಮ ಹೇಳುವುದು, ಬಿಸಿಲಿನ ಹೊತ್ತಿನ ಕರೆಂಟಿಗೆ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20 ಕಮ್ಮಿ, ಸಂಜೆಯಂಥ ಗರಿಷ್ಠ ಬೇಡಿಕೆಯ ಹೊತ್ತಿಗೆ ಮನೆಗಳಿಗೂ ಕನಿಷ್ಠ 1.1 ಪಟ್ಟು. ಬಾವಿ ಪಂಪು, ವಾಷಿಂಗ್ ಮೆಷಿನ್ ಮಧ್ಯಾಹ್ನಕ್ಕೆ ಸರಿಸಬಹುದು. ರಾತ್ರಿಯ ಸೆಕೆಯನ್ನು ಸರಿಸಲಿಕ್ಕೆ ಆಗುವುದಿಲ್ಲ. ಹಗಲು ಮನೆಯಲ್ಲಿ ಯಾರೂ ಇಲ್ಲದ, ದುಡಿದು ಸಂಜೆ ಬರುವ ಕುಟುಂಬಕ್ಕೆ ಇದು ಲಾಭವೋ ನಷ್ಟವೋ ಅನ್ನುವ ಚರ್ಚೆ ಮೀಟರ್ ಗೋಡೆಗೆ ಬರುವ ಮೊದಲೇ ಆಗಬೇಕು.

ಬೆಂಗಳೂರಲ್ಲಿ ಬಾಡಿಗೆಗೆ ಇರುವ ನಮ್ಮೂರ ಹುಡುಗರಿಗೆ ಒಂದು ಮಾತು: ಮನೆ ಬದಲಿಸಿದರೆ ಹಳೇ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿ. ಸೇವಾಸಿಂಧುವಿನಲ್ಲಿ ಆಗ್ತದೆ. ಮಾಡದಿದ್ದರೆ ಹೊಸ ಮನೆಗೆ ಯೋಜನೆ ಸಿಗುವುದಿಲ್ಲ.

ಇನ್ನು ಯಾರನ್ನು ಕೇಳಬೇಕು ಅನ್ನುವ ಗೊಂದಲ. ಯೂನಿಟ್ ದರ, ನಿಗದಿತ ಶುಲ್ಕ ತೀರ್ಮಾನ ಮಾಡುವುದು ಕೆಇಆರ್‌ಸಿ. ಮೆಸ್ಕಾಂ ಅರ್ಜಿ ಪ್ರಕಟವಾದಾಗ ಯಾವ ಗ್ರಾಹಕರೂ ಲಿಖಿತ ಆಕ್ಷೇಪ ಕೊಡಬಹುದು, ವಿಚಾರಣೆಯಲ್ಲಿ ಮಾತಾಡಬಹುದು. 2022-23ರ ಸರಾಸರಿ ಮತ್ತು 200ರ ಗಡಿ ಮಾತ್ರ ಕೆಇಆರ್‌ಸಿಯದ್ದಲ್ಲ, ರಾಜ್ಯ ಸರ್ಕಾರದ್ದು. ಅದನ್ನು ಲೈನ್‌ಮ್ಯಾನ್ ಹತ್ತಿರ ಕೇಳಿ ಪ್ರಯೋಜನ ಇಲ್ಲ. ಓಟು ಕೇಳಲು ಬಂದವರ ಹತ್ತಿರ, ಮೂರು ವರ್ಷದ ಬಿಲ್ ಕೈಯಲ್ಲಿ ಹಿಡಿದೇ ಕೇಳಬೇಕು.